ಕೊಡಗಿನ ಕಾಡು: ಮರ ಇದೆ, ಮರಿ ಇದೆಯಾ?

ಲೆಕ್ಕದ ಪ್ರಕಾರ ಕೊಡಗಿಗೆ ಯಾವ ಕೊರತೆಯೂ ಇಲ್ಲ. ಜಿಲ್ಲೆಯ ವಿಸ್ತೀರ್ಣ ಸುಮಾರು 4,100 ಚದರ ಕಿಲೋಮೀಟರ್. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜಾಗದಲ್ಲಿ ಅರಣ್ಯ ಹೊದಿಕೆ ಇದೆ ಅಂತ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಗಳು ಹೇಳುತ್ತವೆ. ಅದನ್ನು ಓದಿ ನಾವೂ ಖುಷಿಪಡುತ್ತೇವೆ.

ಆದರೆ ಆ ಲೆಕ್ಕ ಹಾಕುವ ನಿಯಮ ಏನು ಗೊತ್ತಾ? ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಮರದ ನೆತ್ತಿ ಶೇ 10ರಷ್ಟು ನೆಲ ಮುಚ್ಚಿದ್ದರೆ ಸಾಕು. ಜಾಗ ಯಾರದು, ಮರ ಯಾವುದು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಪುಷ್ಪಗಿರಿ ತಪ್ಪಲಿನ ನಿತ್ಯಹಸಿರು ಕಾಡು, ತಿತಿಮತಿ ಕಡೆಯ ತೇಗದ ತೋಪು, ಸಿಲ್ವರ್ ಓಕ್ ಮರಗಳ ಕೆಳಗಿನ ಕಾಫಿ ತೋಟ ಮೂರೂ ಒಂದೇ ಪಟ್ಟಿಗೆ ಸೇರುತ್ತವೆ. ಮೇಲಿನಿಂದ ಫೋಟೊ ತೆಗೆದರೆ ಮೂರೂ ಹಸಿರೇ ತಾನೇ.

ಕಾಡಿನ ಆರೋಗ್ಯ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇದೆ. ಒಂದು ದೊಡ್ಡ ಮರದ ಕೆಳಗೆ ನಿಂತು ಅದು ಯಾವ ಮರ ಅಂತ ಗುರುತು ಹಿಡಿಯಿರಿ. ಆಮೇಲೆ ಬಗ್ಗಿ ಅದೇ ಜಾತಿಯ ಸಸಿ ಹುಡುಕಿ. ಬೆರಳುದ್ದದ್ದು, ಮೊಣಕಾಲೆತ್ತರದ್ದು, ಆಳೆತ್ತರದ್ದು ಎಲ್ಲವೂ ಆಸುಪಾಸಿನಲ್ಲಿ ಸಿಕ್ಕರೆ ಆ ಕಾಡಿಗೆ ಮುಂದಿನ ತಲೆಮಾರು ಇದೆ ಅಂತ ಅರ್ಥ. ಮೇಲೆ ನಂದಿ, ಮತ್ತಿ, ಹೊನ್ನೆ ಇದ್ದು ಕೆಳಗೆ ಬರೀ ಲಂಟಾನ ಕಳೆ ಇದ್ದರೆ ಈಗಿರುವ ಮರಗಳೇ ಕೊನೆಯವು. ಅವು ಬೀಳಲು ಐವತ್ತು ವರ್ಷ ಬೇಕಾಗಬಹುದು, ನೂರು ವರ್ಷವೂ ಆಗಬಹುದು. ಅಷ್ಟು ದಿನವೂ ಉಪಗ್ರಹ ಅದನ್ನು ಕಾಡು ಅಂತಲೇ ಬರೆದುಕೊಳ್ಳುತ್ತದೆ.

ಹವಾಮಾನ ಬದಲಾವಣೆಯ ಪೆಟ್ಟು ಮೊದಲು ಬೀಳುವುದು ಈ ಮರಿಗಳ ಮೇಲೆ. ದೊಡ್ಡ ಮರದ ಬೇರು ಆಳದಲ್ಲಿರುತ್ತದೆ. ಒಂದು ವರ್ಷ ಮಳೆ ಕೈಕೊಟ್ಟರೂ ಅದು ಹೇಗೋ ತಡೆದುಕೊಳ್ಳುತ್ತದೆ. ಮೊಳಕೆಯ ಬೇರು ಗೇಣುದ್ದವೂ ಇರುವುದಿಲ್ಲ. ಅದರ ಬದುಕು ಮೊದಲ ಎರಡು ಬೇಸಿಗೆಯಲ್ಲೇ ತೀರ್ಮಾನವಾಗುತ್ತದೆ.

ಕೊಡಗಿನ ಮಳೆಯ ಹಂಚಿಕೆಯೇ ವಿಚಿತ್ರ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುತ್ತದೆ, ಕುಶಾಲನಗರಕ್ಕೆ ಬಂದರೆ 1,000ದ ಆಸುಪಾಸು. ಇಷ್ಟು ಹತ್ತಿರದಲ್ಲಿ ಇಷ್ಟು ವ್ಯತ್ಯಾಸ ಇರುವುದರಿಂದಲೇ ಪಶ್ಚಿಮಕ್ಕೆ ನಿತ್ಯಹಸಿರು ಕಾಡು, ಪೂರ್ವಕ್ಕೆ ಎಲೆ ಉದುರುವ ಕಾಡು. ಈಚೆಗೆ ಈ ಮಳೆಯ ಲಯವೇ ತಪ್ಪುತ್ತಿದೆ. 2018ರ ಆಗಸ್ಟ್‌ನಲ್ಲಿ ಕೆಲವೇ ದಿನ ಸುರಿದ ಮಳೆಗೆ ಮಕ್ಕಂದೂರು, ಮದೆನಾಡು, ಜೋಡುಪಾಲದ ಗುಡ್ಡಗಳು ಜರಿದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿ. 2023ರಲ್ಲಿ ನೋಡಿದರೆ ರಾಜ್ಯವೇ ಬರ ಅಂತ ಘೋಷಿಸುವಷ್ಟು ಕೊರತೆ, ಮುಂದಿನ ಬೇಸಿಗೆಯಲ್ಲಿ ಕುಶಾಲನಗರದ ಹತ್ತಿರ ಕಾವೇರಿಯಲ್ಲಿ ಬಂಡೆಗಳೇ ಕಾಣುತ್ತಿದ್ದವು. ಕಾಡು ಈಗ ಈ ಎರಡಕ್ಕೂ ಒಗ್ಗಿಕೊಳ್ಳಬೇಕು. ಎಲ್ಲ ಕಾಡಿಗೂ ಒಂದೇ ಮದ್ದು ನಡೆಯುವುದಿಲ್ಲ.

ಪೂರ್ವದ ಕಡೆಯಿಂದ ಶುರು ಮಾಡೋಣ. ಅಲ್ಲಿನ ಕಾಯಿಲೆಗೆ ಲಂಟಾನ ಅಂತ ಹೆಸರು.

ಇದು ಹೊರದೇಶದಿಂದ ಅಲಂಕಾರಕ್ಕೆ ಅಂತ ತಂದ ಗಿಡ. ಬಂದು ಇನ್ನೂರು ವರ್ಷದ ಮೇಲಾಯಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದಲ್ಲಿ ಸುಮಾರು 1,54,000 ಚದರ ಕಿಲೋಮೀಟರ್ ಕಾಡಿನಲ್ಲಿ ಲಂಟಾನ ಹರಡಿದೆ ಅಂತ ಅಂದಾಜು ಮಾಡಿತ್ತು. ಗೋಣಿಕೊಪ್ಪದಿಂದ ಹುಣಸೂರಿಗೆ ಹೋಗುವಾಗ ತಿತಿಮತಿ ದಾಟಿ ಆನೆಚೌಕೂರಿನವರೆಗೆ ರಸ್ತೆಯ ಎರಡೂ ಬದಿ ನೋಡಿದರೆ ಅಂಕಿ ಅಂಶವೇ ಬೇಡ. ತೇಗದ ಮರಗಳ ಕೆಳಗೆ ಎದೆಯೆತ್ತರದ ಪೊದೆ. ಒಳಗೆ ಬೆಳಕು ಇಳಿಯುವುದಿಲ್ಲ, ಹುಲ್ಲು ಹುಟ್ಟುವುದಿಲ್ಲ. ನಾಗರಹೊಳೆಯ ಹಡ್ಲುಗಳು, ಅಂದರೆ ಕಾಡಿನ ನಡುವೆ ಜೌಗು ಹಿಡಿದ ಹುಲ್ಲುಬಯಲುಗಳು, ಜಿಂಕೆ, ಕಾಟಿ, ಆನೆಗಳಿಗೆ ಬೇಸಿಗೆಯ ಊಟದ ಜಾಗ. ಅವುಗಳ ಅಂಚಿಗೂ ಕಳೆ ನುಗ್ಗುತ್ತಿದೆ. ಸುಮಾರು ಒಂದು ದಶಕದ ಹಿಂದೆ ಬಿದಿರು ಹೂಬಿಟ್ಟು ಸಾಮೂಹಿಕವಾಗಿ ಒಣಗಿತಲ್ಲ, ಆಗ ತೆರವಾದ ಜಾಗದಲ್ಲೂ ಬಿದಿರಿನ ಮೊಳಕೆಗಿಂತ ಮೊದಲು ಎದ್ದದ್ದು ಕಳೆಯೇ. ಆನೆ ತೋಟಕ್ಕೆ ಯಾಕೆ ಬರುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ತೋಟದಲ್ಲಿ ಹಲಸು ಇದೆ, ಕೆರೆಯಲ್ಲಿ ನೀರಿದೆ, ಹಳೆಯ ದಾರಿಗಳು ಮುಚ್ಚಿಹೋಗಿವೆ. ಆದರೆ ಕಾಡೊಳಗೆ ಮೇವು ಕಡಿಮೆಯಾಗಿರುವುದನ್ನು ಬಿಟ್ಟು ಬರೀ ರೈಲ್ವೆ ಕಂಬಿಯ ಬೇಲಿ, ಆನೆ ಕಂದಕದ ಬಗ್ಗೆ ಮಾತಾಡಿ ಏನು ಬಂತು?

ಲಂಟಾನವನ್ನು ಕತ್ತಿಯಿಂದ ಸವರಿದರೆ ಸಾಯುವುದಿಲ್ಲ. ಕಡಿದ ಬುಡದಿಂದ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಬೆಂಕಿ ಬಿದ್ದರೂ ಅಷ್ಟೇ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಜೊತೆಗಾರರು ಇದಕ್ಕೊಂದು ಉಪಾಯ ಹೇಳಿದ್ದಾರೆ, ಇಂದಿಗೂ ಅದೇ ಚೆನ್ನಾಗಿ ಕೆಲಸ ಮಾಡುವ ವಿಧಾನ. ಪೊದೆಯ ಬುಡಕ್ಕೆ ಗುದ್ದಲಿ ಹಾಕಿ, ಮಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಕಾಂಡ ಮುಗಿದು ಬೇರು ಶುರುವಾಗುವ ಜಾಗದಲ್ಲಿ ಕಡಿಯಬೇಕು. ಚಿಗುರುವ ಶಕ್ತಿ ಇರುವುದು ಅದರ ಮೇಲ್ಭಾಗದಲ್ಲಿ. ಕಡಿದ ಪೊದೆಯನ್ನು ಎತ್ತಿ ಬುಡ ಮೇಲಾಗಿ ಮಗುಚಿ ಹಾಕಬೇಕು, ಇಲ್ಲದಿದ್ದರೆ ನೆಲ ತಾಗಿದ ಗೆಣ್ಣಿನಿಂದ ಮತ್ತೆ ಬೇರು ಬಿಡುತ್ತದೆ. ಇದೆಲ್ಲ ಹಣ್ಣಾಗುವ ಮೊದಲು ಮುಗಿಯಬೇಕು. ದೊಡ್ಡ ಯಂತ್ರ ಬೇಡ, ಔಷಧಿ ಬೇಡ. ಮಣ್ಣು ಕೆದರುವುದೂ ಕಡಿಮೆ.

ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪಿಕಳಾರ ಹಕ್ಕಿ ಹಣ್ಣು ತಿಂದು ಮರದ ಮೇಲೆ ಕೂರುತ್ತದೆ, ಮರದ ಕೆಳಗೆ ಬೀಜ ಬೀಳುತ್ತದೆ. ಮುಂದಿನ ಮಳೆಗಾಲ ಅಂಥ ಮರಗಳ ಬುಡದಲ್ಲೆಲ್ಲ ಲಂಟಾನದ ಮೊಳಕೆ. ಅದನ್ನು ಕೈಯಲ್ಲಿ ಕೀಳಬೇಕು. ಅದರ ಮುಂದಿನ ವರ್ಷವೂ. ಖಾಲಿಯಾದ ನೆಲಕ್ಕೆ ಊರಿನ ಹುಲ್ಲು ಬರಿಸಬೇಕು, ಇಲ್ಲದಿದ್ದರೆ ಯುಪಟೋರಿಯಂ ಅನ್ನುವ ಇನ್ನೊಂದು ಕಳೆ ಬರುತ್ತದೆ. ಇಲ್ಲೇ ನಮ್ಮ ವ್ಯವಸ್ಥೆ ಎಡವುವುದು. ಅನುದಾನ ಮಾರ್ಚ್‌ಗೆ ಮುಗಿಯುತ್ತದೆ, ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮೊದಲ ವರ್ಷ ನೂರು ಹೆಕ್ಟೇರ್ ಕಿತ್ತು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಇಪ್ಪತ್ತೇ ಹೆಕ್ಟೇರ್ ಕಿತ್ತು ಮೂರು ವರ್ಷ ಬೆನ್ನು ಬೀಳುವುದು ಮೇಲು. ಈಗ ಸೆನ್ನಾ ಅನ್ನುವ ಹಳದಿ ಹೂವಿನ ಮರ ಬೇರೆ ಸೇರಿಕೊಂಡಿದೆ. ವಯನಾಡು, ಮುದುಮಲೆ ಕಡೆ ಅದು ಮಾಡಿರುವ ಅವಾಂತರ ನೋಡಿದರೆ ನಾಗರಹೊಳೆಯಲ್ಲಿ ಇನ್ನೂ ಚಿಕ್ಕದಿರುವಾಗಲೇ ಕೀಳುವುದು ಅಗ್ಗ.

ಬೆಂಕಿಯ ವಿಷಯ ಇದಕ್ಕೇ ಅಂಟಿಕೊಂಡಿದೆ. ಎಲೆ ಉದುರುವ ಕಾಡಿನಲ್ಲಿ ತರಗೆಲೆಗೆ ಬಿದ್ದ ಬೆಂಕಿ ಸಾಮಾನ್ಯವಾಗಿ ನೆಲದ ಮೇಲೇ ಹರಿದು ಹೋಗುತ್ತದೆ. ದಪ್ಪ ತೊಗಟೆಯ ಮರಗಳಿಗೆ ಅಷ್ಟೇನೂ ಆಗುವುದಿಲ್ಲ. ನಡುವೆ ಲಂಟಾನ ಇದ್ದರೆ ಅದೇ ಬೆಂಕಿಗೆ ಏಣಿ. ಹತ್ತಿಕೊಂಡು ನೆತ್ತಿಗೆ ಹೋಗುತ್ತದೆ, ಮರಿಗಳೆಲ್ಲ ಸುಟ್ಟುಹೋಗುತ್ತವೆ. ಮೊದಲ ಮಳೆಗೆ ಲಂಟಾನ ಮಾತ್ರ ಬುಡದಿಂದ ಎದ್ದು ಬರುತ್ತದೆ. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಹೆಕ್ಟೇರ್ ಸುಟ್ಟಾಗ ಇದನ್ನೆಲ್ಲ ನೋಡಿದ್ದೇವೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ 'ತರಗು ಬೆಂಕಿ' ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ಪಸೆ ಇರುವಾಗ, ತೆಳ್ಳಗೆ ಸುಡುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ನಿಂತಿತು. ಆಮೇಲೆ ಲಂಟಾನ ಹೆಚ್ಚಿತು ಅನ್ನುವುದು ಸೋಲಿಗರ ಮಾತು. ಅಲ್ಲಿ ಸಂಶೋಧನೆ ಮಾಡಿದವರೂ ಈ ಮಾತನ್ನು ಗಂಭೀರವಾಗಿಯೇ ತೆಗೆದುಕೊಂಡಿದ್ದಾರೆ. ಹಾಗಂತ ನಾಳೆಯೇ ನಾಗರಹೊಳೆಗೆ ಕಡ್ಡಿ ಗೀರಬೇಕು ಅಂತಲ್ಲ. ಎದೆಯೆತ್ತರದ ಲಂಟಾನ ಇರುವ ಕಡೆ ತೆಳ್ಳಗಿನ ಬೆಂಕಿ ಅನ್ನುವುದೇ ಇರುವುದಿಲ್ಲ. ಮೊದಲು ಕೀಳಬೇಕು, ಹುಲ್ಲು ಬರಬೇಕು, ಆಮೇಲೆ ಸಣ್ಣ ತುಂಡು ಜಾಗದಲ್ಲಿ ಪ್ರಯೋಗ. ಪಶ್ಚಿಮದ ನಿತ್ಯಹಸಿರು ಕಾಡಿಗಂತೂ ಬೆಂಕಿ ಬೇಡವೇ ಬೇಡ, ಅಲ್ಲಿನ ಮರಗಳ ತೊಗಟೆ ಅದಕ್ಕೆ ತಯಾರಾಗಿಲ್ಲ. ಇನ್ನೊಂದು ಮಾತು. ಬೆಂಕಿ ರೇಖೆ ಸವರುವವರು, ಬೆಂಕಿ ಬಿದ್ದಾಗ ಹಸಿ ಸೊಪ್ಪು ಹಿಡಿದು ಬಡಿಯುವವರು ಬಹುತೇಕ ಹಾಡಿಯ ಜೇನುಕುರುಬರು, ಬೆಟ್ಟಕುರುಬರು, ಯರವರು. ಕೂಲಿಗೆ ಅವರು ಬೇಕು, ಎಲ್ಲಿ ಯಾವಾಗ ಏನು ಮಾಡಬೇಕು ಅನ್ನುವ ಸಭೆಗೆ ಬೇಡ. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡು ನೋಡಿಕೊಳ್ಳುವ ಅಧಿಕಾರವನ್ನೂ ಕೊಟ್ಟಿದೆ ಅನ್ನುವುದು ಎಷ್ಟು ಜನರಿಗೆ ನೆನಪಿದೆಯೋ.

ತೇಗದ ತೋಪುಗಳ ಬಗ್ಗೆ ಒಂದೇ ಮಾತು. ತೇಗ ಈ ಕಡೆಯ ಕಾಡಿನ ಮರವೇ, ಆದರೆ ಒಂದೇ ಜಾತಿಯನ್ನು ಸಾಲಾಗಿ ನೆಟ್ಟರೆ ಅದು ಕಾಡಿನಂತೆ ನಡೆದುಕೊಳ್ಳುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಬರ ಬಂದಾಗ ತೇಗ, ನೀಲಗಿರಿ ತೋಪುಗಳು ಇಂಗಾಲ ಹೀರುವುದು ಹಲವು ಜಾತಿಯ ಸಹಜ ಕಾಡಿಗಿಂತ ಜಾಸ್ತಿ ಕುಸಿಯುತ್ತದೆ ಅಂತ ತೋರಿಸಿತು. ಒಂದು ಜಾತಿ ಸೊರಗಿದಾಗ ಇನ್ನೊಂದು ತಡೆದುಕೊಳ್ಳುವ ಅನುಕೂಲ ತೋಪಿನಲ್ಲಿ ಇಲ್ಲವಲ್ಲ.

ಇನ್ನು ಪಶ್ಚಿಮ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ವನ್ಯಧಾಮಗಳು 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಮೂರು ದಶಕಕ್ಕೂ ಮೇಲಿನಿಂದ ಅದೇ ಮರಗಳ ಸುತ್ತಳತೆಯನ್ನು ಮತ್ತೆ ಮತ್ತೆ ಅಳೆಯುತ್ತಿದ್ದಾರೆ. ಯಾವುದು ಬೆಳೆಯಿತು, ಯಾವುದು ಸತ್ತಿತು, ಹೊಸದು ಯಾವುದು ಬಂತು ಅಂತ ಒಂದೊಂದಕ್ಕೂ ಲೆಕ್ಕ. ಕಾಡು ಕಾಪಾಡುವ ಮಾತಿಗೆ ಅಡಿಪಾಯ ಅಂದರೆ ಇಂಥ ಬೇಜಾರಿನ ಕೆಲಸವೇ. ಅದನ್ನು ಮಾಡುವವರು ಕಡಿಮೆ.

ಈ ಕಾಡಿನ ಕಷ್ಟ ಗೊತ್ತಾಗಬೇಕಾದರೆ ಒಂದು ಧೂಪದ ಮರದ ಬೀಜ ನೋಡಬೇಕು. ದಪ್ಪನೆಯ, ಭಾರದ, ಒಳಗೆಲ್ಲ ನೀರು ತುಂಬಿದ ಬೀಜ. ಬೇಸಿಗೆಯ ಕೊನೆಯಲ್ಲಿ ಹಣ್ಣಾಗಿ, ಮಳೆ ಹಿಡಿಯುವ ಹೊತ್ತಿಗೆ ಬೀಳುತ್ತದೆ. ನೆಲ ಒದ್ದೆಯಾಗಿದ್ದರೆ ಬೇಗನೆ ಮೊಳಕೆ. ಒಣಗಿದರೆ ಸತ್ತಿತು. ರಾಗಿ, ಭತ್ತದ ಹಾಗೆ ಡಬ್ಬಿಯಲ್ಲಿ ಹಾಕಿ ಮುಂದಿನ ವರ್ಷಕ್ಕೆ ಇಡಲು ಬರುವುದಿಲ್ಲ. ನಿತ್ಯಹಸಿರು ಕಾಡಿನ ಬಹಳಷ್ಟು ಮರಗಳ ಬೀಜ ಹೀಗೇ, ಮಳೆಯ ತಾರೀಖನ್ನು ನಂಬಿಕೊಂಡಿದೆ. ಮುಂಗಾರು ಎರಡು-ಮೂರು ವಾರ ತಡವಾದರೆ ರೈತನಿಗೆ ಇನ್ನೊಮ್ಮೆ ಬಿತ್ತಲು ಅವಕಾಶ ಇರುತ್ತದೆ, ಧೂಪಕ್ಕೆ ಇರುವುದಿಲ್ಲ. ಧೂಪದ ಬೀಜ ತೂಕ ಇರುವುದರಿಂದ ತಾಯಿ ಮರದಿಂದ ದೂರವೂ ಹೋಗುವುದಿಲ್ಲ. ರಾಂಪತ್ರೆಯ ಬೀಜವನ್ನಾದರೆ ಮಂಗಟ್ಟೆ, ಕಾಡು ಪಾರಿವಾಳ ಹೊತ್ತುಕೊಂಡು ಹೋಗುತ್ತವೆ.

ಜುಲೈ ಮೊದಲ ವಾರ ಎಲ್ಲೆಡೆ ವನಮಹೋತ್ಸವ ನಡೆಯುತ್ತದಲ್ಲ. ನರ್ಸರಿಯಲ್ಲಿ ಸುಲಭವಾಗಿ ಬರುವ, ಬೀಜ ಇಟ್ಟುಕೊಳ್ಳಲು ಬರುವ ಜಾತಿಗಳೇ ಅಲ್ಲಿ ಜಾಸ್ತಿ. ಕಾಡಿಗೆ ಬೇಕಾದದ್ದು ಅದಲ್ಲ. ಬೀಜ ಬಿದ್ದ ವಾರದಲ್ಲೇ ಹೆಕ್ಕಿ, ನೆರಳಿನಲ್ಲಿ ಪ್ಯಾಕೆಟ್‌ಗೆ ಹಾಕಿ, ಒಂದೆರಡು ವರ್ಷ ಬೆಳೆಸಿ, ನೆರಳಿರುವ ಜಾಗದಲ್ಲೇ ನೆಡಬೇಕು. ಬಟಾಬಯಲಿಗೆ ತಂದು ನೆಟ್ಟ ಧೂಪ ಉಳಿಯುವುದು ಕಷ್ಟ. ತಡಿಯಂಡಮೋಳ್, ಬ್ರಹ್ಮಗಿರಿ ನೆತ್ತಿಯ ಹುಲ್ಲುಗಾವಲಲ್ಲಿ ಮಾತ್ರ ಏನನ್ನೂ ನೆಡಬಾರದು. ಅದು ಬೋಳು ಗುಡ್ಡ ಅಲ್ಲ, ಅಲ್ಲಿನ ಕಾಡೇ ಹಾಗೆ. ಮೇಲೆ ಹುಲ್ಲು, ಕಣಿವೆಯಲ್ಲಿ ಶೋಲಾ, ಅಂದರೆ ಕುಳ್ಳ ಮರಗಳ ದಟ್ಟ ಕಾಡು.

ತಾಯಿ ಮರ ಎಲ್ಲಿಂದ ತರುವುದು? ಕೊಡಗಿನ ಅದೃಷ್ಟಕ್ಕೆ ದೇವರಕಾಡುಗಳಿವೆ, 1,200ಕ್ಕೂ ಜಾಸ್ತಿ. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳ ರಾಶಿಯ ಪಕ್ಕದಲ್ಲಿ, ಸುತ್ತಲಿನ ತೋಟದಲ್ಲಿ ಎಂದೋ ಕಾಣೆಯಾದ ಜಾತಿಯ ಮರ ನಿಂತಿರುತ್ತದೆ. ಆದರೆ 1905ರಲ್ಲಿ ಸುಮಾರು 15,500 ಎಕರೆ ಇದ್ದ ದೇವರಕಾಡು 1985ರ ಹೊತ್ತಿಗೆ 6,300 ಎಕರೆಗೆ ಇಳಿದಿತ್ತು. ಸರಾಸರಿ ತೆಗೆದರೆ ಒಂದಕ್ಕೆ ಐದೇ ಎಕರೆ. ಇಷ್ಟು ಸಣ್ಣ ಕಾಡಿಗೆ ಎಲ್ಲ ಕಡೆಯಿಂದಲೂ ಬಿಸಿಲು, ಒಣ ಗಾಳಿ ನುಗ್ಗುತ್ತದೆ. ಅಂಚಿನ ಮರಿಗಳು ಮೊದಲು ಸಾಯುತ್ತವೆ. ಒಳಗೆ ಕಾಂಕ್ರೀಟ್ ಗುಡಿ, ವಾಹನ ನಿಲ್ಲಿಸುವ ಜಾಗ ಮಾಡಿದರೆ ಉಳಿದ ನಡುಭಾಗವೂ ಹೋಯಿತು. ದೇವರ ಭಯದಿಂದ ಉಳಿದ ಕಾಡು ದೇವಸ್ಥಾನದ ಅಭಿವೃದ್ಧಿಯಿಂದ ಹಾಳಾದರೆ ಅದನ್ನೇನು ಅನ್ನೋಣ? ಊರಿನವರೇ ಸೇರಿ ಗಡಿ ಅಳೆಸಿ, ಅಂಚಿಗೆ ತಾಗಿರುವ ತೋಟದಲ್ಲಿ ಒಂದೆರಡು ಸಾಲು ಕಾಡುಮರ ದಟ್ಟವಾಗಿ ಬಿಟ್ಟರೂ ಒಳಗಿನ ತಂಪು ಉಳಿಯುತ್ತದೆ.

ಭೂಕುಸಿತದ ಬಗ್ಗೆ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಮರ ಇದ್ದರೆ ಗುಡ್ಡ ಜರಿಯುವುದಿಲ್ಲ ಅನ್ನುವುದು ಅರ್ಧ ಸತ್ಯ. ಬೇರಿಗಿಂತ ಆಳದಲ್ಲಿ ಮಣ್ಣು ನೀರು ಕುಡಿದು ಸಡಿಲವಾದರೆ ಮರ ಸಮೇತ ಜಾರುತ್ತದೆ. ಆದರೆ ರಸ್ತೆಗೆ, ಮನೆಗೆ, ರೆಸಾರ್ಟಿಗೆ ಅಂತ ಇಳಿಜಾರಿನ ಬುಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಕಡೆ ಅಪಾಯ ಜಾಸ್ತಿ. ಅದನ್ನು ಸಸಿ ನೆಟ್ಟು ಸರಿಮಾಡಲು ಆಗುವುದಿಲ್ಲ. ಕಾಡು ಸಹಾಯ ಮಾಡುವುದು ನೀರು ಇಂಗಿಸುವ ವಿಷಯದಲ್ಲಿ. ಉತ್ತರ ಕನ್ನಡದಲ್ಲಿ ಮಣ್ಣು ಪರೀಕ್ಷಿಸಿದವರು ಅಕೇಶಿಯಾ ನೆಟ್ಟು ವರ್ಷಗಳಾದ ಮೇಲೂ ಆ ನೆಲ ಸಹಜ ಕಾಡಿನಷ್ಟು ನೀರು ಇಂಗಿಸುತ್ತಿರಲಿಲ್ಲ ಅಂತ ಕಂಡುಕೊಂಡರು.

ಕೊಡಗಿನ ಅರಣ್ಯದ ಭವಿಷ್ಯ ಅರಣ್ಯ ಇಲಾಖೆಯ ಕೈಯಲ್ಲಿ ಎಷ್ಟಿದೆಯೋ ಕಾಫಿ ಬೆಳೆಗಾರರ ಕೈಯಲ್ಲೂ ಅಷ್ಟೇ ಇದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಂದ ಹೋಗುತ್ತದೆ. ಕಾಡಿನ ತುಂಡುಗಳನ್ನು ಒಂದಕ್ಕೊಂದು ಹೊಲಿದಿರುವುದೂ ಈ ತೋಟಗಳೇ. ತೋಟದಲ್ಲಿ ಆಗುತ್ತಿರುವುದೇನು? ಹಳೆಯ ಕಾಡುಮರ ಬಿದ್ದ ಜಾಗದಲ್ಲಿ ಸಿಲ್ವರ್ ಬರುತ್ತಿದೆ. ಆಸ್ಟ್ರೇಲಿಯಾ ಮೂಲದ ಮರ, ನೆಟ್ಟಗೆ, ಬೇಗ ಬೆಳೆಯುತ್ತದೆ. ಕರಿಮೆಣಸಿನ ಬಳ್ಳಿಗೆ ಅನುಕೂಲ. ರೊಬಸ್ಟಾಗೆ ನೆರಳು ಕಡಿಮೆ ಸಾಕು ಅಂತ ಮರಗಸಿಯೂ, ಅಂದರೆ ನೆರಳಿನ ಮರಗಳ ರೆಂಬೆ ಕಡಿಯುವುದೂ ಜೋರಾಗಿದೆ. ಬೇಸಿಗೆ ಬಿರುಸಾದಾಗ ಇದೇ ತಿರುಗಿ ಹೊಡೆಯುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಾರದಿದ್ದರೆ ತೆಳ್ಳನೆಯ ನೆರಳಿನ ತೋಟದ ನೆಲ ಬೇಗ ಒಣಗುತ್ತದೆ, ತೋಡಿನಿಂದ ಸ್ಪ್ರಿಂಕ್ಲರ್ ಎಳೆಯಬೇಕು. ಅರೇಬಿಕಾಗೆ ಬಿಸಿಲು ಜಾಸ್ತಿಯಾದರೆ ಬಿಳಿ ಕಾಂಡಕೊರಕದ ಕಾಟ.

ಇದೆಲ್ಲ ಬೆಳೆಗಾರನಿಗೆ ಗೊತ್ತಿಲ್ಲ ಅಂತಲ್ಲ. ಅವನ ಲೆಕ್ಕವೇ ಬೇರೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ಸಿಲ್ವರ್ ಇದೆ, ಕಡಿಯಲು ಅನುಮತಿ ಬೇಡ. ನಂದಿ, ಬೀಟೆ, ಹೊನ್ನೆಗೆ ಅರ್ಜಿ, ಸರ್ವೆ, ಪರವಾನಗಿ. ಜಮ್ಮಾ ಬಾಣೆ (ಗದ್ದೆಯ ಜೊತೆಗೆ ವಂಶಪಾರಂಪರ್ಯವಾಗಿ ಬಂದ, ಮರ ಇರುವ ಜಾಗ) 'ಅನ್‌ರೀಡೀಮ್ಡ್', ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟದೆ ಉಳಿದದ್ದು ಆಗಿದ್ದರಂತೂ ಮರದ ಹಕ್ಕೇ ಸರ್ಕಾರದ್ದು, ಅದಕ್ಕೆ ಬೆಲೆ ಕಟ್ಟಬೇಕು. ಹಾಗಾಗಿ ಕಾಫಿ ಗಿಡದ ನಡುವೆ ತಾನಾಗಿ ಹುಟ್ಟಿದ ನಂದಿ ಸಸಿ ಕಂಡಾಗ ಏನಾಗುತ್ತದೆ? ಕಳೆ ಸವರುವಾಗ ಅದೂ ಹೋಗುತ್ತದೆ. "ಅದನ್ನೂ ತೆಗೆದುಬಿಡಪ್ಪ, ಆಮೇಲೆ ದೊಡ್ಡದಾದರೆ ತಲೆನೋವು." ಮರ ಉಳಿಸಲು ಮಾಡಿದ ಕಾನೂನು ಮರಿಯನ್ನು ಮುಗಿಸುವುದು ಹೀಗೆ, ಒಂದು ಕತ್ತಿಯ ಬೀಸಿನಲ್ಲಿ. ಯಾವ ದಾಖಲೆಯಲ್ಲೂ ಇದು ಬರುವುದಿಲ್ಲ.

ಕಾನೂನನ್ನೇ ತೆಗೆದುಹಾಕಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಫಿ ಬೆಲೆ ಬಿದ್ದ ಮೊದಲ ವರ್ಷವೇ ನೂರು ವರ್ಷದ ಬೀಟೆಗಳೆಲ್ಲ ಲಾರಿ ಹತ್ತುತ್ತವೆ. ಹಳೆಯ ಮರಕ್ಕೂ ಹೊಸ ಸಸಿಗೂ ಬೇರೆ ಬೇರೆ ನಿಯಮ ಬೇಕು. ಶ್ರೀಗಂಧದಲ್ಲಿ ನಾವು ಇದಕ್ಕೆ ಹತ್ತಿರದ ಕೆಲಸ ಮಾಡಿದ್ದೇವೆ. ಹಿಂದೆ ಯಾರ ಜಮೀನಿನಲ್ಲಿದ್ದರೂ ಶ್ರೀಗಂಧ ಸರ್ಕಾರದ್ದೇ, ಅದಕ್ಕೇ ಯಾರೂ ಬೆಳೆಸುತ್ತಿರಲಿಲ್ಲ. 2001ರ ತಿದ್ದುಪಡಿ ಜಮೀನಿನವರಿಗೆ ಮರದ ಒಡೆತನ ಕೊಟ್ಟಿತು, ಆಮೇಲೆ ಜನ ತೋಪು ಮಾಡಿ ನೆಡಲು ಶುರು ಮಾಡಿದರು. ಕಾಡುಮರಕ್ಕೂ ಹಾಗೇ ಆಗಬಹುದು. ಒಂದು ತಾರೀಖು ಗೊತ್ತು ಮಾಡಿ, ತೋಟದಲ್ಲಿ ಆ ದಿನ ನಿಂತಿರುವ ಮರಗಳ ಸುತ್ತಳತೆ ಪಟ್ಟಿ ಮಾಡಬೇಕು. ಅವುಗಳಿಗೆ ಈಗಿನ ರಕ್ಷಣೆ ಹಾಗೇ ಇರಲಿ. ಅದಾದ ಮೇಲೆ ಹುಟ್ಟಿದ ನಂದಿ, ಹೊನ್ನೆ, ಹೆಬ್ಬಲಸು ಬೆಳೆಗಾರನದ್ದೇ ಅಂತ ಬರೆದುಕೊಡಲಿ, ಬಾಣೆ ಯಾವ ಬಗೆಯದ್ದೇ ಆಗಿರಲಿ. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೆಟ್ಟ ಗಿಡ ಬದುಕಿದ್ದರೆ ಮಾತ್ರ ಮೂರು ವರ್ಷ ಹಣ ಕೊಡುವ ಪದ್ಧತಿ ಇದೆ. ತಾನಾಗಿ ಹುಟ್ಟಿ ಉಳಿದ ಕಾಡುಸಸಿಗೂ ಅದನ್ನೇ ಕೊಟ್ಟರೆ ನರ್ಸರಿ, ಪ್ಯಾಕೆಟ್, ಗುಂಡಿ, ಸಾಗಾಟ ಯಾವ ಖರ್ಚೂ ಇಲ್ಲ. ಕಳೆ ಸವರುವ ಮೊದಲು ಆ ಸಸಿಯ ಪಕ್ಕ ಒಂದು ಗೂಟ ಹೊಡೆದರೆ ಸಾಕು.